ಜೌಗಿನ ಕೆಸರಿನಲ್ಲಿ ಹಳೆಯ ಮುಂಗಾರನ್ನು ಓದುವ ಬಗೆ

ನೀಲಗಿರಿಯಲ್ಲಿ ಎರಡು ಸಾವಿರ ಮೀಟರಿಗೂ ಎತ್ತರದ ಸ್ಯಾಂಡಿನಲ್ಲಾ ಎಂಬಂಥ ಕಣಿವೆಗಳಲ್ಲಿ ಅರ್ಧ ಕೊಳೆತ ಹುಲ್ಲಿನ ಕಪ್ಪು ಪೀಟ್ ಪದರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಈ ಪೀಟ್‌ನ ಇಂಗಾಲವನ್ನು ಅಳೆದರು. ಹಿಮಯುಗ ಉಚ್ಛ್ರಾಯದಲ್ಲಿದ್ದಾಗ ಇಲ್ಲಿ ಒಣ ಹವೆಯಿತ್ತು, ಅದು ಮುಗಿದ ಮೇಲೆ ಮುಂಗಾರು ಜೋರಾಯಿತು ಎಂದು ಅವರು ತೋರಿಸಿದರು. ಇಂಥ ಕೆಲಸದಲ್ಲಿ ಕಾಲ ನಿರ್ಣಯ ಮತ್ತು ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಅಳತೆಗೆ ದೊಡ್ಡ ಪ್ರಯೋಗಾಲಯವೇ ಬೇಕು. ಕೋರ್ (ಕೋರರ್ ಎಂಬ ಉಪಕರಣ ಇಳಿಸಿ ಎತ್ತಿದ ಕೆಸರಿನ ಉದ್ದನೆಯ ಕಂಬ) ತೆಗೆಯುವುದು, ಪರಾಗ ಬೇರ್ಪಡಿಸುವುದು, ಎಣಿಸುವುದು ಮಾತ್ರ ಒಳ್ಳೆಯ ಸೂಕ್ಷ್ಮದರ್ಶಕ ಮತ್ತು ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಗೆಳೆಯುವ ಗೂಡು) ಇರುವ ಯಾವ ಕಾಲೇಜಿನಲ್ಲೂ ಆಗುವ ಕೆಲಸ. ಮಲೆನಾಡಿನ ಜೌಗು, ನೀಲಗಿರಿಯ ಪೀಟ್, ಬಯಲುಸೀಮೆಯ ಕೆರೆ, ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಪದರ ಪದರದ ಪರಾಗ ಆಯಾ ಕಾಲದಲ್ಲಿ ಸುತ್ತ ಯಾವ ಗಿಡಮರ ಇದ್ದವೆಂದು ಹೇಳುತ್ತದೆ, ಗಿಡಮರದಿಂದ ಮಳೆಯ ಸುಳಿವು ಸಿಗುತ್ತದೆ. ಉದ್ದಕ್ಕೂ ಕೇಳುತ್ತಿರಬೇಕಾದ ಪ್ರಶ್ನೆ ಒಂದೇ: ಈ ಪರಾಗದ ಕಣ ಇಲ್ಲಿಗೆ ಹೇಗೆ ಬಂತು, ಬಂದದ್ದು ಹೇಗೆ ಉಳಿಯಿತು? ಇದಕ್ಕೆ ಉತ್ತರ ಸಿಗದೆ ಮಳೆಯ ಬಗ್ಗೆ ಏನನ್ನೂ ಹೇಳಲಾಗದು.

ಜಾಗದ ಆಯ್ಕೆ

ಪರಾಗದ ಹೊರಕವಚ ಸಾವಿರಾರು ವರ್ಷ ಉಳಿಯಬಲ್ಲದು, ಗಾಳಿ ತಾಗದಿದ್ದರೆ ಮಾತ್ರ. ಹಾಗಾಗಿ ವರ್ಷವಿಡೀ ನೀರು ನಿಂತಿರುವ ಜಾಗ ಬೇಕು. ಕೆಸರು ಕಪ್ಪಾಗಿದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಒಳ್ಳೆಯ ಗುರುತು, ಒಳಗೆ ಆಮ್ಲಜನಕ ಇಲ್ಲವೆಂದು ಅರ್ಥ. ಕೆಸರಿನಲ್ಲಿ ಕೆಂಪು, ಹಳದಿ ಚುಕ್ಕೆಗಳಿದ್ದರೆ ಆ ಪದರ ಒಣಗಿ ಮತ್ತೆ ನೆನೆದಿದೆ, ಪರಾಗ ಹಾಳಾಗಿರುವ ಸಾಧ್ಯತೆಯೇ ಹೆಚ್ಚು.

ಜಾಗದ ಗಾತ್ರವೂ ಮುಖ್ಯ. ಮೂವತ್ತು ನಲವತ್ತು ಮೀಟರ್ ಅಗಲದ ಸಣ್ಣ ಜೌಗು ಸುತ್ತಲ ಕಾಡಿನ ಕಥೆ ಹೇಳುತ್ತದೆ. ನೂರಾರು ಮೀಟರ್ ಅಗಲದ ಕೆರೆಗೆ ಇಡೀ ಸೀಮೆಯ ಪರಾಗ ಬಂದು ಬೀಳುತ್ತದೆ. ಹಳ್ಳ ಹರಿದು ಸೇರುವ ಕಡೆ ಇಡೀ ಜಲಾನಯನದ ಮಣ್ಣೂ ಅದರೊಳಗಿನ ಹಳೆಯ ಪರಾಗವೂ ಕೊಚ್ಚಿಬರುತ್ತವೆ. ಇವು ಮೂರು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುವ ಜಾಗಗಳು.

ಕೆರೆಗಳ ಬಗ್ಗೆ ಎಚ್ಚರ ಇರಲಿ. ನಮ್ಮ ಕೆರೆಗಳ ಹೂಳನ್ನು ರೈತರು ತಲೆಮಾರುಗಳಿಂದ ಎತ್ತಿ ಹೊಲಕ್ಕೆ ಹಾಕಿಕೊಂಡು ಬಂದಿದ್ದಾರೆ. ಅಂದರೆ ಮೇಲಿನ ನೂರಾರು ವರ್ಷದ ಪದರವೇ ಮಾಯವಾಗಿರಬಹುದು. ಬೇಸಿಗೆಯಲ್ಲಿ ತಳ ಬಿರಿದರೆ ಈ ವರ್ಷದ ಪರಾಗ ಬಿರುಕಿನೊಳಗೆ ಅರ್ಧ ಮೀಟರ್ ಆಳಕ್ಕೆ ಇಳಿಯುತ್ತದೆ, ದನ ತುಳಿದರೆ ಪದರಗಳೇ ಕಲಸಿಹೋಗುತ್ತವೆ. ನೀರು ಬರುವ ತುದಿಯಲ್ಲಿ ಮರಳು ರಾಶಿ, ತೂಬಿನ ಬಳಿ ಸುಳಿ. ಇವೆರಡನ್ನೂ ಬಿಟ್ಟು, ಹೂಳೆತ್ತದ ಜಾಗ ಯಾವುದೆಂದು ಊರಿನ ಹಿರಿಯರನ್ನು ಕೇಳಿ. ಕೆರೆಗೊಂದು ಅನುಕೂಲವೂ ಉಂಟು. ಕಟ್ಟಿಸಿದ ಕಾಲವನ್ನು ಹೇಳುವ ಶಾಸನ ಏರಿಯ ಮೇಲೋ ಊರ ಗುಡಿಯಲ್ಲೋ ಸಿಕ್ಕರೆ ಕೆರೆಯ ಹೂಳು ಅದಕ್ಕಿಂತ ಹಳೆಯದಾಗಲಾರದು. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಹೂಳಿನ ತಳದ ರೇಡಿಯೊಕಾರ್ಬನ್ (ಇಂಗಾಲ-14ರಿಂದ ಅಳೆದ) ವಯಸ್ಸು ಅದಕ್ಕಿಂತ ಸಾವಿರ ವರ್ಷ ಹಿಂದಕ್ಕೆ ಹೋದರೆ ಒಂದೋ ಹಳೆಯ ಮಣ್ಣು ಕೊಚ್ಚಿಬಂದಿದೆ, ಇಲ್ಲವೇ ನಿಮ್ಮ ಕೋರರ್ ಕೆರೆಗಿಂತ ಮುಂಚಿನ ನೆಲವನ್ನು ಮುಟ್ಟಿದೆ.

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ರಾಮಪತ್ರೆ ಜೌಗುಗಳಲ್ಲಿ ಗುಂಡಿ ತೋಡಲೇಬೇಡಿ. ಮೇಲೆ ಬಾಗಿ ನಿಂತ ಉಸಿರಾಟದ ಬೇರುಗಳು ಕಡಿದರೆ ಮರಕ್ಕೆ ಪೆಟ್ಟು. ಕಿರಿದಾದ ಕೋರರ್ ಸಾಕು. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇರಲಿ, ದೇವರಕಾಡಾದರೆ ಊರಿನವರ ಒಪ್ಪಿಗೆಯೂ ಇರಲಿ.

ಕೋರ್ ತೆಗೆಯುವುದು

ನೀರು ಇಳಿದಿರುವ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಸಮಯ. ಮೊದಲು ಒಂದಕ್ಕೊಂದು ತಿರುಪಿ ಜೋಡಿಸುವ ಉಕ್ಕಿನ ಸರಳಿನಿಂದ ಐದೈದು ಮೀಟರಿಗೆ ಒಮ್ಮೆ ಚುಚ್ಚಿ ಆಳ ಬರೆದುಕೊಳ್ಳಿ. ಸರಳು ಕೈಗೇ ಸುದ್ದಿ ಹೇಳುತ್ತದೆ: ಜೇಡಿಯಲ್ಲಿ ಜಾರುತ್ತದೆ, ಮರಳಿನಲ್ಲಿ ಕಿರ್ರೆನ್ನುತ್ತದೆ, ಬಂಡೆಗೆ ತಾಗಿದರೆ ಠಣ್ಣೆನ್ನುತ್ತದೆ. ಮೆತ್ತನೆಯ ಪದರ ಎಲ್ಲಿ ಅತಿ ದಪ್ಪವಿದೆಯೋ ಅಲ್ಲಿ ಕೋರ್ ತೆಗೆಯಿರಿ.

ಪೀಟ್‌ಗೆ ರಷ್ಯನ್ ಕೋರರ್‌ಗಿಂತ ಒಳ್ಳೆಯದಿಲ್ಲ. 50 ಸೆಂ.ಮೀ. ಉದ್ದದ ಅರ್ಧ ಸಿಲಿಂಡರ್, ಪಕ್ಕಕ್ಕೊಂದು ತಿರುಗುವ ತಗಡು. ಮುಚ್ಚಿಕೊಂಡು ಬೇಕಾದ ಆಳಕ್ಕೆ ಇಳಿಸಿ, ಹಿಡಿಕೆಯನ್ನು ಅರ್ಧ ಸುತ್ತು ತಿರುಗಿಸಿ ಮೇಲೆತ್ತಿದರೆ ಆ ಆಳದ ಮಣ್ಣು ಅಮುಕದೆ ಬರುತ್ತದೆ. ಮೊನೆಯು ಕೆಳಗಿನ ಪದರವನ್ನು ಕೆಡಿಸುವುದರಿಂದ ಒಂದೇ ಗುಂಡಿಯಿಂದ ಸಾಲಾಗಿ ತೆಗೆಯಬಾರದು. ಸುಮಾರು ಒಂದು ಮೀಟರ್ ಅಂತರದಲ್ಲಿ ಎರಡು ಗುಂಡಿ ಮಾಡಿ: ಒಂದರಲ್ಲಿ 0–50, 50–100, ಇನ್ನೊಂದರಲ್ಲಿ 25–75, 75–125. ಇದರಿಂದ ಪ್ರತಿ ತುಂಡಿನ ಕೆಟ್ಟ ತುದಿ ಇನ್ನೊಂದು ತುಂಡಿನ ನಡುಭಾಗಕ್ಕೆ ಹೊಂದುತ್ತದೆ.

ಪಿವಿಸಿ ಕೊಳವೆಯನ್ನೇ ಬಡಿದು ಇಳಿಸುವುದಾದರೆ ಮಣ್ಣು ಅಮುಕಿಹೋಗುತ್ತದೆ. ಎತ್ತುವ ಮುಂಚೆ ಕೊಳವೆಯ ಒಳಗೂ ಹೊರಗೂ ಮಣ್ಣಿನ ಮಟ್ಟ ಅಳೆಯಿರಿ. 100 ಸೆಂ.ಮೀ. ಇಳಿದಾಗ ಒಳಗೆ 85 ಸೆಂ.ಮೀ. ಮಾತ್ರ ಇದ್ದರೆ ಪ್ರತಿ ಆಳವನ್ನೂ 0.85ರಿಂದ ಭಾಗಿಸಿ ತಿದ್ದಬೇಕು. ಇದು ಸರಾಸರಿ ತಿದ್ದುಪಡಿ ಮಾತ್ರ. ಮೇಲಿನ ಸಡಿಲ ಮಣ್ಣು ಹೆಚ್ಚು, ಕೆಳಗಿನ ಜೇಡಿ ಕಡಿಮೆ ಅಮುಕಿರುತ್ತದೆ.

ಕೋರ್ ಮೇಲೆ ಬಂದ ಕೂಡಲೇ ಅದರ ಮುಖವನ್ನು ಶುದ್ಧ ನೀರಿನಲ್ಲಿ ಅದ್ದಿದ ಚಾಕುವಿನಿಂದ ಅಡ್ಡಡ್ಡ ಒರೆಸಿ. ಉದ್ದುದ್ದ ಒರೆಸಿದರೆ ಮೇಲಿನ ಪರಾಗವನ್ನು ನೀವೇ ಕೆಳಕ್ಕೆ ಎಳೆದಂತಾಯಿತು. ಅರ್ಧ ಸೀಳಿದ ಪಿವಿಸಿ ಕೊಳವೆಯ ಮೇಲಿಟ್ಟು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಮೇಲ್ತುದಿಗೆ ಬಾಣದ ಗುರುತು ಹಾಕಿ, ಜಾಗ, ಗುಂಡಿ ಸಂಖ್ಯೆ, ಆಳ, ದಿನಾಂಕ ಬರೆಯಿರಿ. ಆಳವನ್ನು ನೀರಿನ ಮೇಲ್ಮೈಯಿಂದ ಲೆಕ್ಕ ಹಾಕಿದಿರೋ ಕೆಸರಿನ ಮೇಲ್ಮೈಯಿಂದಲೋ ಎಂಬುದನ್ನೂ ಬರೆದಿಡಿ. ಈ ಒಂದು ಸಾಲು ಮರೆತು ಇಡೀ ಕೋರ್ ಅಡಿಮೇಲಾದ ಉದಾಹರಣೆಗಳಿವೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಹೆಪ್ಪುಗಟ್ಟಿಸಿದರೆ ಪದರಗಳು ಸೀಳುತ್ತವೆ. ಹೊರಗಿಟ್ಟರೆ ಬೂಷ್ಟು ಬರುತ್ತದೆ, ಆ ಬೂಷ್ಟಿನಲ್ಲಿರುವುದು ಇಂದಿನ ಇಂಗಾಲ.

ಮಣ್ಣಿನ ಮೊದಲ ಓದು

ಬಣ್ಣ, ಕಣದ ಗಾತ್ರ, ಬೇರು, ಇದ್ದಿಲು, ಪದರದ ಗಡಿ ಚೂಪಾಗಿದೆಯೋ ಮೆಲ್ಲಗೆ ಬದಲಾಗಿದೆಯೋ, ಎಲ್ಲವನ್ನೂ ಬರೆಯಿರಿ. ಚೂಪಾದ ಗಡಿ ಎಂದರೆ ಅಲ್ಲಿ ಕಾಲ ತುಂಡಾಗಿರಬಹುದು ಎಂಬ ಅನುಮಾನ ಇಟ್ಟುಕೊಳ್ಳಬೇಕು. ಪ್ರತಿ 2 ಸೆಂ.ಮೀ.ಗೆ ಸುಟ್ಟು ನೋಡುವ ಪರೀಕ್ಷೆ ಮಾಡಿ: 105 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ ತೂಕ, 550 ಡಿಗ್ರಿಯಲ್ಲಿ 4 ಗಂಟೆ ಸುಟ್ಟು ತೂಕ, 950 ಡಿಗ್ರಿಯಲ್ಲಿ 2 ಗಂಟೆ ಸುಟ್ಟು ತೂಕ. ಎರಡನೆಯ ಹಂತದ ನಷ್ಟ ಸಾವಯವ ವಸ್ತು. ಮೂರನೆಯದು ಸುಣ್ಣದಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್, ಅದನ್ನು 2.27ರಿಂದ ಗುಣಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಸಿಗುತ್ತದೆ. ಜೇಡಿ ಹೆಚ್ಚಿರುವ ಮಾದರಿಯಲ್ಲಿ 550 ಡಿಗ್ರಿಗೆ ಜೇಡಿಯೊಳಗಿನ ನೀರೂ ಹೋಗುವುದರಿಂದ ಸಾವಯವ ಅಂಶ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

ಪರಾಗ ಬೇರ್ಪಡಿಸುವುದು

ಮೊಂಡಾದ ಸಿರಿಂಜಿನಿಂದ ಕೋರಿನ ಒಳಭಾಗದ 1 ಘನ ಸೆಂ.ಮೀ. ಕೆಸರು ತೆಗೆದು 50 ಮಿ.ಲೀ. ಪಾಲಿಪ್ರೊಪಿಲೀನ್ ನಳಿಕೆಗೆ ಹಾಕಿ. ಜೊತೆಗೆ ಲೈಕೊಪೋಡಿಯಂ ಎಂಬ ಜರೀಗಿಡದಂಥ ಸಸ್ಯದ ಬೀಜಕಣದ ಗುಳಿಗೆ ಎರಡು. ಗುಳಿಗೆಯೊಂದರಲ್ಲಿ ಎಷ್ಟು ಬೀಜಕಣ ಎಂಬುದು ಆ ಬ್ಯಾಚಿನ ಡಬ್ಬಿಯ ಮೇಲಿರುತ್ತದೆ. ಕೆಸರಿನಲ್ಲಿ ಒಟ್ಟು ಎಷ್ಟು ಪರಾಗವಿದೆ ಎಂದು ತಿಳಿಯಲು ಈ ಅಳತೆಗೋಲು ಬೇಕು. ನಮ್ಮಲ್ಲೊಂದು ತೊಡಕಿದೆ. ಇದೇ ಬಳಗದ ಗಿಡಗಳು ಪಶ್ಚಿಮ ಘಟ್ಟದ ತೇವದ ಇಳಿಜಾರುಗಳಲ್ಲಿ ತಾವಾಗಿಯೇ ಬೆಳೆಯುತ್ತವೆ. ಆದ್ದರಿಂದ ಪ್ರತಿ ಕೋರಿನ ನಾಲ್ಕೈದು ಆಳದಲ್ಲಿ ಗುಳಿಗೆ ಹಾಕದ ಮಾದರಿಯನ್ನೂ ಮಾಡಿ ನೋಡಿ. ಅದರಲ್ಲೂ ಈ ಬೀಜಕಣ ಕಂಡರೆ ಗುಳಿಗೆಯ ಬದಲು ಪ್ಲಾಸ್ಟಿಕ್ ಸೂಕ್ಷ್ಮಗೋಲಗಳನ್ನು ಬಳಸಬೇಕು.

ಮೊದಲು ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲ, ನೊರೆ ನಿಲ್ಲುವವರೆಗೆ. ಗುಳಿಗೆಯೂ ಸುಣ್ಣವೂ ಕರಗುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 3,000 ಸುತ್ತಿನಂತೆ 5 ನಿಮಿಷ, ಎರಡು ಸಲ ತೊಳೆಯುವುದು. ಬೇಗ ಮುಗಿಸಲು ಒಂದು ನಿಮಿಷ ತಿರುಗಿಸಿ ನೀರು ಚೆಲ್ಲಿದರೆ ಸಣ್ಣ ಪರಾಗ ಚರಂಡಿ ಸೇರುತ್ತದೆ. ನಂತರ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ 90 ಡಿಗ್ರಿಯ ನೀರಿನ ತೊಟ್ಟಿಯಲ್ಲಿ 10 ನಿಮಿಷ. ಕಾಫಿ ಬಣ್ಣದ ಹ್ಯೂಮಿಕ್ ಆಮ್ಲ ಹೊರಬರುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, 150 ಮೈಕ್ರಾನ್ ಜರಡಿಯಲ್ಲಿ ಸೋಸಿ. ಜರಡಿಯ ಮೇಲೆ ಉಳಿದ ಬೀಜ, ಎಲೆಯ ಚೂರು, ಇದ್ದಿಲನ್ನು ಎಸೆಯಬೇಡಿ, ಇದ್ದಿಲಿನ ಲೆಕ್ಕಕ್ಕೆ ಬೇಕು. ಆದರೆ ಕ್ಷಾರದಲ್ಲಿ ಕುದಿಸಿದ ಈ ಚೂರುಗಳನ್ನು ಕಾಲ ನಿರ್ಣಯಕ್ಕೆ ಕಳಿಸಬಾರದು. ಅದಕ್ಕೆ ಬೇರೆ ಕೆಸರನ್ನು ಬರಿ ನೀರಿನಲ್ಲಿ ಸೋಸಿ ತೆಗೆಯಬೇಕು.

ಮರಳು ಮತ್ತು ಜೇಡಿ ತೆಗೆಯಲು ಹಳೆಯ ದಾರಿ ಶೇ. 40ರ ಹೈಡ್ರೋಫ್ಲೋರಿಕ್ ಆಮ್ಲ. ಅದು ಗಾಜನ್ನೇ ತಿನ್ನುವ ಆಮ್ಲ. ಚರ್ಮಕ್ಕೆ ತಾಗಿದರೆ ನೋವು ಗಂಟೆಗಳ ನಂತರ ಶುರುವಾಗಬಹುದು, ಅಷ್ಟರಲ್ಲಿ ಅದು ರಕ್ತದ ಕ್ಯಾಲ್ಸಿಯಂ ಹಿಡಿದು ಹೃದಯವನ್ನೇ ನಿಲ್ಲಿಸಬಲ್ಲದು. ಸರಿಯಾಗಿ ಗಾಳಿ ಎಳೆಯುವ ಫ್ಯೂಮ್ ಹುಡ್, ಈ ಆಮ್ಲಕ್ಕೆಂದೇ ಇರುವ ಕೈಗವಸು, ಮುಖಕವಚ, ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್, ತರಬೇತಾದ ಇನ್ನೊಬ್ಬರು ಪಕ್ಕದಲ್ಲಿ. ಇದರಲ್ಲಿ ಒಂದು ಇಲ್ಲದಿದ್ದರೂ ಅದನ್ನು ಮುಟ್ಟಬೇಡಿ, ಬೇರೊಂದು ದಾರಿಯಿದೆ. ಸೋಡಿಯಂ ಪಾಲಿಟಂಗ್‌ಸ್ಟೇಟ್‌ನ ಭಾರದ್ರವವನ್ನು 2.0 ಸಾಂದ್ರತೆಗೆ ತಂದು ಅದರಲ್ಲಿ ತಿರುಗಿಸಿದರೆ 2.65 ಸಾಂದ್ರತೆಯ ಸ್ಫಟಿಕ ಮರಳು ಮುಳುಗಿ ಪರಾಗ ತೇಲುತ್ತದೆ. ದ್ರವ ದುಬಾರಿ, ಆದರೆ ಸೋಸಿ ಆವಿಯಾಗಿಸಿ ಮತ್ತೆ ಬಳಸಬಹುದು. ಕ್ಯಾಲ್ಸಿಯಂ ಉಳಿದಿದ್ದರೆ ಬಿಳಿ ಗಸಿ ಕಟ್ಟುವುದರಿಂದ ಮೊದಲ ಆಮ್ಲದ ಹಂತವನ್ನು ಚೆನ್ನಾಗಿ ತೊಳೆದಿರಬೇಕು. ಸಣ್ಣ ಜೇಡಿಯನ್ನು ಜರಡಿಯಿಂದ ತೆಗೆಯುವವರು 10 ಮೈಕ್ರಾನ್ ಬಟ್ಟೆಯ ಬದಲು 5 ಮೈಕ್ರಾನ್‌ನದ್ದನ್ನು ಬಳಸಿ. ನಮ್ಮ ಕಾಡಿನ ರುದ್ರಾಕ್ಷಿ ಕುಲದ ಮರಗಳ ಪರಾಗ ಬಹಳ ಚಿಕ್ಕದು.

ಕೊನೆಗೆ ಅಸಿಟೋಲಿಸಿಸ್, ಅಂದರೆ ಉಳಿದ ಸೆಲ್ಯುಲೋಸನ್ನು ಆಮ್ಲದಿಂದ ಕರಗಿಸುವುದು. ನೀರಿನ ಹನಿ ಉಳಿದಿದ್ದರೂ ಸಿಡಿಯುವುದರಿಂದ ಮೊದಲು ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ತೊಳೆಯಿರಿ. 9 ಪಾಲು ಅಸಿಟಿಕ್ ಅನ್‌ಹೈಡ್ರೈಡ್‌ಗೆ 1 ಪಾಲು ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಸೇರಿಸಿ, ಬಿಸಿನೀರಿನ ತೊಟ್ಟಿಯಲ್ಲಿ 3 ನಿಮಿಷ ಇಟ್ಟು, ಮತ್ತೆ ಅಸಿಟಿಕ್ ಆಮ್ಲದಲ್ಲಿ ತೊಳೆದ ಮೇಲಷ್ಟೇ ನೀರು. ಹೆಚ್ಚು ಹೊತ್ತು ಬಿಟ್ಟರೆ ಪರಾಗ ಕಪ್ಪಾಗಿ ಮೇಲ್ಮೈ ವಿನ್ಯಾಸ ಕಾಣುವುದಿಲ್ಲ. ಸಫ್ರಾನಿನ್ ಬಣ್ಣ ಕೊಟ್ಟು, ನೀರಿನಂಶ ತೆಗೆದು, ಸಿಲಿಕಾನ್ ಎಣ್ಣೆಯಲ್ಲಿ ಸ್ಲೈಡ್ ಮಾಡಿ. ಗ್ಲಿಸರಿನ್ ಜೆಲ್ಲಿಯಲ್ಲಿ ಪರಾಗ ಕಾಲಕ್ರಮೇಣ ಊದುತ್ತದೆ, ಅಳತೆ ಕೆಡುತ್ತದೆ. ಎಣ್ಣೆಯಲ್ಲಿ ಕಣವನ್ನು ಉರುಳಿಸಿ ಎಲ್ಲ ಮಗ್ಗುಲಿನಿಂದಲೂ ನೋಡಬಹುದು.

ಪ್ರತಿ ಕಂತಿನಲ್ಲೂ ಕೆಸರಿಲ್ಲದ, ಬರಿ ಗುಳಿಗೆ ಹಾಕಿದ ಒಂದು ನಳಿಕೆ ಇರಲಿ. ಅದರಲ್ಲಿ ತೆಂಗಿನ ಪರಾಗ ಕಂಡರೆ ಅದು ಬಂದದ್ದು ಕಿಟಕಿಯಿಂದ.

ಗುರುತಿಸಿ ಎಣಿಸುವುದು

ಈ ಕೆಲಸದಲ್ಲಿ ಅರ್ಧ ಆಯಸ್ಸು ಹೋಗುವುದು ಇಲ್ಲಿಯೇ, ಹೋಗಬೇಕಾದದ್ದೂ ಇಲ್ಲಿಯೇ. ಸುತ್ತಲಿನ ಗಿಡಮರಗಳ ಹೂವಿನಿಂದ ನಿಮ್ಮದೇ ಸ್ಲೈಡ್ ಸಂಗ್ರಹ ಮಾಡಿಕೊಳ್ಳಿ. ಪುದುಚೇರಿಯ ಫ್ರೆಂಚ್ ಸಂಸ್ಥೆ ಮತ್ತು ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ಸಂಗ್ರಹಗಳೊಡನೆ ಅವನ್ನು ಹೋಲಿಸಿ ನೋಡುವುದು ಒಳ್ಳೆಯದು.

400 ಪಟ್ಟು ಹಿಗ್ಗಿಸಿ, ಸ್ಲೈಡಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಸಮ ಅಂತರದ ಸಾಲುಗಳಲ್ಲಿ ಎಣಿಸಿ. ಸಣ್ಣ ಕಣಗಳು ಅಂಚಿಗೆ ಸರಿಯುತ್ತವೆ, ನಡುವಿನಲ್ಲಷ್ಟೇ ಎಣಿಸಿದರೆ ಅವು ತಪ್ಪಿಹೋಗುತ್ತವೆ. ನೆಲದ ಗಿಡಗಳ ಪರಾಗ 300 ಆಗುವವರೆಗೆ ನಿಲ್ಲಿಸಬೇಡಿ. ಜೌಗಿನಲ್ಲೇ ಬೆಳೆಯುವ ಜೇಕು ಮತ್ತು ಜರೀಗಿಡವನ್ನು ಈ ಮೊತ್ತಕ್ಕೆ ಸೇರಿಸದೆ ಬೇರೆ ಬರೆಯಿರಿ. 300ರಲ್ಲಿ ಶೇ. 10 ಬಂದ ಜಾತಿಯ ನಿಜವಾದ ಪಾಲು ಸುಮಾರು ಶೇ. 6.6ರಿಂದ 13.4ರ ನಡುವೆ ಎಲ್ಲಿಯೂ ಇರಬಹುದು. ಆದ್ದರಿಂದ ಶೇ. 10 ಇದ್ದದ್ದು 12 ಆಯಿತೆಂದು ಕಾಡು ಹೆಚ್ಚಿತೆನ್ನುವುದಕ್ಕೆ ಆಧಾರವಿಲ್ಲ.

ಹುಲ್ಲಿನ ಪರಾಗ ದುಂಡಗೆ, ಉಂಗುರ ಕಟ್ಟಿದ ಒಂದೇ ರಂಧ್ರ. ಭತ್ತದ ಪರಾಗವನ್ನು ಕಾಡುಹುಲ್ಲಿನಿಂದ ಗಾತ್ರ ನೋಡಿ ಬೇರ್ಪಡಿಸಲಾಗದು, ಅದಕ್ಕೆ ಹುಲ್ಲಿನ ಸಿಲಿಕಾ ಕಣಗಳ ಮೊರೆ ಹೋಗಬೇಕು: ಭತ್ತದ ಹೊಟ್ಟಿನಲ್ಲಿ ಎರಡು ಕೊಂಬಿನ ಕಣ, ಜೋಳದ ಬಳಗದಲ್ಲಿ ಡಮರುವಿನ ಆಕಾರ, ರಾಗಿಯ ಬಳಗದಲ್ಲಿ ಜೀನಿನ ಆಕಾರ. ನೇರಳೆ ಮತ್ತು ನೀಲಗಿರಿ ಮರಗಳು ಒಂದೇ ಕುಟುಂಬದವು, ಎರಡರದ್ದೂ ತ್ರಿಕೋನಾಕಾರದ ಪರಾಗ. ಮೇಲಿನ ಕೆಲವು ಸೆಂಟಿಮೀಟರಿನಲ್ಲಿ ಈ ತ್ರಿಕೋನಗಳು ಏರಿದರೆ ಅದು ಮರಳಿ ಬಂದ ಶೋಲಾ ಕಾಡೋ ನೀಲಗಿರಿ ತೋಪೋ ಎಂದು ಎರಡು ಸಲ ಯೋಚಿಸಿ. ಅಕೇಶಿಯಾ ಪರಾಗ ಹದಿನಾರರ ಗೊಂಚಲಾಗಿ ಬೀಳುತ್ತದೆ. ಗೊಂಚಲನ್ನು ಒಂದೆಂದೇ ಎಣಿಸಿ. ಸರ್ವೆ ಮರದ್ದಾಗಲಿ ನೀಲಗಿರಿಯದ್ದಾಗಲಿ ಖಚಿತವಾಗಿ ಗುರುತಾದರೆ ಆ ಪದರ ಕೆಲವು ಶತಮಾನದೊಳಗಿನದು, ಅದೇ ಒಂದು ಗಡಿಯಾರ.

ಸವೆದ, ಮುರಿದ ಕಣಗಳನ್ನೂ ಎಣಿಸಿ. ಜರೀಗಿಡದ ಬೀಜಕಣ ಕೊಳೆಯುವುದು ನಿಧಾನ. ಸವೆದ ಕಣಗಳ ಜೊತೆಗೇ ಜರೀಬೀಜಕಣ ಏರಿದ್ದರೆ ಅಲ್ಲಿ ಜರೀಗಿಡ ಹೆಚ್ಚಿರಲಿಲ್ಲ, ಉಳಿದ ಪರಾಗ ಕೊಳೆತುಹೋಗಿದೆ.

ಲೆಕ್ಕ ಸರಳ. 300 ಪರಾಗಕ್ಕೆ 150 ಗುಳಿಗೆಯ ಬೀಜಕಣ ಸಿಕ್ಕಿ, ಹಾಕಿದ್ದು 20,000 ಆಗಿದ್ದರೆ, 300 ಭಾಗಿಸು 150 ಗುಣಿಸು 20,000 ಅಂದರೆ ಘನ ಸೆಂಟಿಮೀಟರಿಗೆ 40,000 ಪರಾಗ. ಕೆಸರು ವರ್ಷಕ್ಕೆ 0.05 ಸೆಂ.ಮೀ. ಏರುತ್ತಿದ್ದರೆ ಚದರ ಸೆಂಟಿಮೀಟರಿಗೆ ವರ್ಷಕ್ಕೆ 2,000. ಶೇಕಡಾವಾರು ಮಾತ್ರ ನೋಡುವವರಿಗೆ ಮರ ಕಡಿಮೆಯಾದರೂ ಹುಲ್ಲು ಹೆಚ್ಚಾದಂತೆ ಕಾಣುತ್ತದೆ. ಈ ಸಂಖ್ಯೆ ಆ ಭ್ರಮೆಯನ್ನು ಕಳೆಯುತ್ತದೆ.

ವಯಸ್ಸು

ಕಾಲ ನಿರ್ಣಯಕ್ಕೆ ನೆಲದ ಗಿಡದ ಬೀಜ, ಎಲೆಯ ಚೂರು, ಸಣ್ಣ ಕಡ್ಡಿ ಕಳಿಸಿ. ಇಂಗಾಲ-14ರ ಪರಮಾಣುಗಳನ್ನೇ ಎಣಿಸುವ ಆಕ್ಸಿಲರೇಟರ್ ವಿಧಾನಕ್ಕೆ ಒಂದು ಮಿಲಿಗ್ರಾಂ ಇಂಗಾಲ ಸಾಕು. ದೆಹಲಿಯ ಅಂತರ-ವಿಶ್ವವಿದ್ಯಾಲಯ ಆಕ್ಸಿಲರೇಟರ್ ಕೇಂದ್ರದಲ್ಲಿ ಈ ಸೌಲಭ್ಯವಿದೆ. ಬೇರನ್ನು ಕಳಿಸಬೇಡಿ, ಜೇಕಿನ ಬೇರು ಇಂದಿನ ಇಂಗಾಲವನ್ನು ಆಳಕ್ಕೆ ಒಯ್ಯುತ್ತದೆ. ಶೇ. 1ರಷ್ಟು ಹೊಸ ಇಂಗಾಲ ಸೇರಿದರೆ 5,000 ವರ್ಷದ ಮಾದರಿ ಸುಮಾರು 70 ವರ್ಷ ಚಿಕ್ಕದಾಗಿ ಕಾಣುತ್ತದೆ, 30,000 ವರ್ಷದ್ದು ಸುಮಾರು 2,700 ವರ್ಷ. ಆಳ ಹೋದಂತೆ ಶುಚಿಯ ಬೆಲೆ ಏರುತ್ತದೆ.

ತಳ, ಮೇಲುಭಾಗ, ಮಣ್ಣು ಬದಲಾದ ಪ್ರತಿ ಗಡಿಯ ಎರಡೂ ಬದಿ, ಹೀಗೆ ವಯಸ್ಸು ಪಡೆಯಿರಿ. ಹಣ ಕಡಿಮೆಯಿದ್ದರೆ ಪರಾಗದ ಮಾದರಿ ಕಡಿಮೆ ಮಾಡಿ, ವಯಸ್ಸಿನದ್ದನ್ನಲ್ಲ. ಬಂದ ಸಂಖ್ಯೆ 1950ರಿಂದ ಹಿಂದಕ್ಕೆ ಎಣಿಸಿದ ರೇಡಿಯೊಕಾರ್ಬನ್ ವರ್ಷ. ಅದನ್ನು ಇಂಟ್‌ಕ್ಯಾಲ್20 ಎಂಬ ತಿದ್ದುಪಡಿ ವಕ್ರರೇಖೆಯಿಂದ ಪಂಚಾಂಗದ ವರ್ಷಕ್ಕೆ ತಿದ್ದಬೇಕು. ಕೊನೆಯ ನೂರು ವರ್ಷಕ್ಕೆ ರೇಡಿಯೊಕಾರ್ಬನ್ ಒಗ್ಗದು. ಅಲ್ಲಿಗೆ 22 ವರ್ಷದ ಅರ್ಧಾಯುಷ್ಯದ ಸೀಸ-210, ಮತ್ತು ಅಣುಪರೀಕ್ಷೆಗಳಿಂದ 1963ರಲ್ಲಿ ಶಿಖರ ಮುಟ್ಟಿದ ಸೀಸಿಯಂ-137 ಬೇಕು.

ಮಳೆಯೋ, ಗಾಳಿಯ ಇಂಗಾಲವೋ, ಮನುಷ್ಯನೋ

ಮರಗಳೂ ತಂಪು ಸೀಮೆಯ ಹುಲ್ಲುಗಳೂ ದ್ಯುತಿಸಂಶ್ಲೇಷಣೆಯ ಬಗೆಯಲ್ಲಿ ಸಿ3 ಎಂಬ ಗುಂಪು, ಇಂಗಾಲ-13ರ ಅನುಪಾತ ಒಂದು ಗೊತ್ತಾದ ಮಾನಕಕ್ಕೆ ಹೋಲಿಸಿದರೆ ಸರಾಸರಿ ಸಾವಿರಕ್ಕೆ −27. ಬಿಸಿಲು ನಾಡಿನ ಹುಲ್ಲು, ಜೋಳ, ರಾಗಿ ಸಿ4 ಗುಂಪು, ಸರಾಸರಿ −13. ಕೆಸರಿನದ್ದು −20 ಬಂದರೆ ಅರ್ಧರ್ಧ. ಅಳೆಯುವ ಮುಂಚೆ ಆಮ್ಲದಿಂದ ಸುಣ್ಣ ತೆಗೆದಿರಬೇಕು. ಇಂಗಾಲ-ಸಾರಜನಕ ಅನುಪಾತ 10ಕ್ಕಿಂತ ಕಡಿಮೆಯಿದ್ದರೆ ಅದು ನೀರಿನ ಪಾಚಿಯದ್ದು (ಆಲ್ಗೆ), ಸಿ3-ಸಿ4 ಲೆಕ್ಕ ಅಲ್ಲಿ ನಡೆಯದು. ಕಲ್ಲಿದ್ದಲು, ಎಣ್ಣೆ ಸುಟ್ಟಿದ್ದರಿಂದ ಇಂದಿನ ಗಾಳಿಯಲ್ಲಿ ಈ ಅನುಪಾತ ಕೈಗಾರಿಕೆಗೆ ಮುಂಚಿನದಕ್ಕಿಂತ ಸಾವಿರಕ್ಕೆ ಸುಮಾರು 2ರಷ್ಟು ತಗ್ಗಿದೆ. ಇಂದಿನ ಹುಲ್ಲನ್ನು ಅಳತೆಗೋಲು ಮಾಡಿಕೊಂಡರೆ ಆ 2ನ್ನು ಕೂಡಿಸಿಕೊಳ್ಳಬೇಕು.

ಸಿ4 ಏರಿದ ಮಾತ್ರಕ್ಕೆ ಬರ ಎಂದು ಬರೆಯಬೇಡಿ. ಹಿಮಯುಗದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 180–190ಕ್ಕೆ ಇಳಿದಿತ್ತು. ಆ ಕೊರತೆಯೇ ಸಿ4 ಹುಲ್ಲಿಗೆ ಅನುಕೂಲ ಮಾಡಿಕೊಡುತ್ತದೆ. ನೀಲಗಿರಿಯ ಕೆಲಸದಲ್ಲೂ ತೇವ ಮತ್ತು ಡೈಆಕ್ಸೈಡ್ ಎರಡನ್ನೂ ಒಟ್ಟಿಗೇ ತೂಗಿದ್ದರು.

ಮನುಷ್ಯನ ಕೈ ಬೇರ್ಪಡಿಸುವುದು ಇನ್ನೂ ಕಷ್ಟ. ಕಾರವಾರದ ಕಡಲ ತಳದ ಕೋರ್‌ಗಳಲ್ಲಿ ಪರಾಗ ಎಣಿಸಿದ ಕರತಿನಿ ಮತ್ತು ಸಂಗಡಿಗರು 1994ರಲ್ಲಿ, ಸುಮಾರು 3,500 ವರ್ಷಗಳಿಂದೀಚೆಗೆ ಹವೆ ಒಣಗಿತೆಂದು ಓದಿದರು. ಅದೇ ಹೊತ್ತಿಗೆ ಒಳನಾಡಿನಲ್ಲಿ, ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ದನ ಸಾಕುವ, ಬೇಸಾಯ ಮಾಡುವ ಊರುಗಳಿದ್ದವು. ಕಾಡು ತೆಳುವಾದದ್ದು ಮಳೆ ತಗ್ಗಿಯೋ, ಬೆಂಕಿ ಕೊಡಲಿಯಿಂದಲೋ? ಪರಾಗ ಒಂದರಿಂದಲೇ ತೀರ್ಮಾನವಾಗದು. 125 ಮೈಕ್ರಾನ್‌ಗಿಂತ ದೊಡ್ಡ ಇದ್ದಿಲು ಜೊತೆಗೇ ಏರಿದೆಯೇ, ಬೆಳೆಯ ಸಿಲಿಕಾ ಕಣ ಇದೆಯೇ, ಮೇಲ್ಮಣ್ಣು ಕೊಚ್ಚಿಬಂದ ಗುರುತಿದೆಯೇ ನೋಡಿ. ಜನವಸತಿಯಿಂದ ದೂರದ ಇನ್ನೊಂದು ಜೌಗಿನಲ್ಲೂ ಅದೇ ಕಾಲಕ್ಕೆ ಅದೇ ಬದಲಾವಣೆ ಇದ್ದರೆ ಹವೆಯ ಕಡೆಗೆ ತಕ್ಕಡಿ ವಾಲುತ್ತದೆ. ಅಲ್ಲಿ ಏನೂ ಬದಲಾಗಿರದಿದ್ದರೆ ಊರಿನ ಕಡೆಗೆ.

ಇದಕ್ಕೆಲ್ಲ ಹೋಲಿಕೆಯ ನೆಲೆ ಇಂದಿನ ಕಾಡು. ಕೋರ್ ತೆಗೆದ ಜಾಗದ ಸುತ್ತ ನಿತ್ಯಹರಿದ್ವರ್ಣ ಕಾಡು, ಎಲೆಯುದುರುವ ಕಾಡು, ಹುಲ್ಲುಗಾವಲು, ಗದ್ದೆಬಯಲು, ಪ್ರತಿಯೊಂದರಲ್ಲೂ ಹತ್ತಾದರೂ ನೆಲದ ಪಾಚಿಯ (ಮಾಸ್) ಮೆತ್ತೆ ಆಯ್ದು ಅವುಗಳಲ್ಲಿ ಸಿಕ್ಕಿಬಿದ್ದ ಪರಾಗ ಎಣಿಸಿ. ಗಾಳಿಗೆ ಪರಾಗ ಬಿಡುವ ಹುಲ್ಲು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಜೇನು, ಕೀಟಗಳನ್ನು ನಂಬಿದ ಧೂಪದಂಥ ಮರಗಳು ತಲೆಯ ಮೇಲೇ ನಿಂತಿದ್ದರೂ ಸ್ಲೈಡಿನಲ್ಲಿ ಒಂದೆರಡು ಕಣವಷ್ಟೇ. ಇಂದಿನ ದಟ್ಟ ಕಾಡಿನ ನೆಲದಲ್ಲಿ ಹುಲ್ಲಿನ ಪರಾಗದ ಪಾಲು ಎಷ್ಟೆಂದು ಗೊತ್ತಿಲ್ಲದೆ ಐದು ಸಾವಿರ ವರ್ಷದ ಹಿಂದಿನ ಶೇ. 20ರ ಅರ್ಥ ಹೇಳಲು ಬಾರದು.

ಪ್ರಕಟಿಸುವಾಗ ನಕ್ಷೆಯ ಜೊತೆ ಕಚ್ಚಾ ಎಣಿಕೆ, ಗುಳಿಗೆಯ ಬ್ಯಾಚ್ ಸಂಖ್ಯೆ, ತಿದ್ದದ ರೇಡಿಯೊಕಾರ್ಬನ್ ವಯಸ್ಸು ಮತ್ತು ಪ್ರಯೋಗಾಲಯದ ಸಂಕೇತ ಕೊಡಿ. ಪರಾಗವೇ ಸಿಗದ ಆಳಗಳನ್ನು ನಕ್ಷೆಯಲ್ಲಿ ಖಾಲಿ ಬಿಟ್ಟು ಹಾಗೆಂದೇ ಬರೆಯಿರಿ, ಮೇಲಿನ ಕೆಳಗಿನ ಬಿಂದುಗಳನ್ನು ಗೆರೆ ಎಳೆದು ಸೇರಿಸಬೇಡಿ. ಕೋರಿನ ಅರ್ಧ ಸೀಳನ್ನು ಮುಟ್ಟದೆ ತಣ್ಣಗಿಡಿ.